ಸಂಶೋಧನೆಗೂ ಗೇಟ್ ಪಾಸ್: ನ್ಯೂಜಿಲೆಂಡ್‌ನ ಎಚ್ಚರಿಕೆ, ಓದಲು ಹೊರಟ ನಮ್ಮ ಮಕ್ಕಳ ಪಾಡು

ಗಲ್ಫ್‌ನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹಣ್ಣಿನ ಸಾಲಿನ ಮುಂದೆ ನಿಂತರೆ ಝೆಸ್ಪ್ರಿ ಅಂತ ಸ್ಟಿಕ್ಕರ್ ಅಂಟಿಸಿದ, ಒಳಗೆ ಹಳದಿ ಬಣ್ಣದ ಕಿವಿ ಹಣ್ಣು ಕಾಣುತ್ತದೆ. ಬೆಲೆ ನೋಡಿ ಎಷ್ಟೋ ಜನ ವಾಪಸ್ ಇಟ್ಟುಬಿಡುತ್ತಾರೆ. ಆ ಬೆಲೆಯಲ್ಲಿ ಹಣ್ಣಿನ ಜೊತೆ ಸಂಶೋಧನೆಯ ಖರ್ಚೂ ಸೇರಿದೆ. 2010ರ ನವೆಂಬರ್‌ನಲ್ಲಿ ಪಿಎಸ್‌ಎ ಎಂಬ ಬ್ಯಾಕ್ಟೀರಿಯಾ ರೋಗ ನ್ಯೂಜಿಲೆಂಡ್‌ನ ಕಿವಿ ತೋಟಗಳಿಗೆ ಬಿತ್ತು. ಆಗ ಬೆಳೆಯುತ್ತಿದ್ದ ಹಳದಿ ತಳಿ ಹೆಚ್ಚುಕಡಿಮೆ ಪೂರ್ತಿ ನೆಲಕಚ್ಚಿತು. ಆ ರೈತರನ್ನು ಉಳಿಸಿದ್ದು ಸರ್ಕಾರಿ ಸಂಶೋಧನಾ ಸಂಸ್ಥೆ ಪ್ಲಾಂಟ್ ಅಂಡ್ ಫುಡ್ ರಿಸರ್ಚ್, ಝೆಸ್ಪ್ರಿ ಜೊತೆ ಸೇರಿ ಬೆಳೆಸಿದ್ದ ಜಿ3 ಎಂಬ ಇನ್ನೊಂದು ತಳಿ. ಇವತ್ತು ಅಂಗಡಿಯಲ್ಲಿ ಸನ್‌ಗೋಲ್ಡ್ ಹೆಸರಲ್ಲಿ ಸಿಗುವುದು ಅದೇ.

ಆ ತಳಿಯ ಕಡ್ಡಿಗಳು ಚೀನಾ ಸೇರಿದವು. ಅನುಮತಿಯೇ ಇಲ್ಲದೆ ಅಲ್ಲಿ ಸಾವಿರಾರು ಹೆಕ್ಟೇರ್‌ನಲ್ಲಿ ಜಿ3 ಬೆಳೆಯುತ್ತಿದೆ. ಈ ಸಂಬಂಧ ಒಬ್ಬ ತೋಟಗಾರನ ಮೇಲೆ ಝೆಸ್ಪ್ರಿ ಹೂಡಿದ ಮೊಕದ್ದಮೆಯಲ್ಲಿ 2020ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್ ಹೈಕೋರ್ಟ್ ಸುಮಾರು 1.49 ಕೋಟಿ ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. ಮೇಲ್ಮನವಿಯಲ್ಲಿ ಆ ಮೊತ್ತ ಕಡಿಮೆಯಾಯಿತು. ತೀರ್ಪು ಬಂತು, ಆದರೆ ಗಡಿ ದಾಟಿದ ಕಡ್ಡಿ ವಾಪಸ್ ಬರಲಿಲ್ಲ.

ಸಂಶೋಧನೆಯ ಕಥೆಯೇ ಹೀಗೆ. ಕಟ್ಟಲು ಇಪ್ಪತ್ತು ವರ್ಷ ಬೇಕು, ಕಳೆದುಕೊಳ್ಳಲು ಒಂದು ಬ್ಯಾಗ್ ಅಥವಾ ಒಂದು ಇ-ಮೇಲ್ ಸಾಕು. ಹಣ್ಣಿನ ತಳಿ ಹೋದರೆ ದುಡ್ಡಿನ ನಷ್ಟ. ಡ್ರೋನ್, ಉಪಗ್ರಹ, ಕೃತಕ ಬುದ್ಧಿಮತ್ತೆ, ರೋಗಾಣುಗಳ ಸಂಶೋಧನೆ ತಪ್ಪು ಕೈಗೆ ಹೋದರೆ ದೇಶದ ಭದ್ರತೆಯ ಪ್ರಶ್ನೆ. ಈ ಲೆಕ್ಕಾಚಾರದಲ್ಲೇ ನ್ಯೂಜಿಲೆಂಡ್ ಕೆಲವು ವರ್ಷಗಳಿಂದ ತನ್ನ ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ಒಂದು ಕಾವಲು ಕಟ್ಟುತ್ತಿದೆ. ಆ ಬಾಗಿಲಲ್ಲಿ ನಮ್ಮ ಮಕ್ಕಳೂ ಕ್ಯೂ ನಿಂತಿದ್ದಾರೆ. ಹಾಗಾಗಿ ಇದು ದೂರದ ದ್ವೀಪದ ಸುದ್ದಿ ಅಂತ ಬಿಟ್ಟುಬಿಡುವ ಹಾಗಿಲ್ಲ.

ಸಣ್ಣ ದೇಶ, ದೊಡ್ಡ ಅವಲಂಬನೆ

ನ್ಯೂಜಿಲೆಂಡ್‌ನಲ್ಲಿ ಇರುವುದು ಎಂಟೇ ವಿಶ್ವವಿದ್ಯಾಲಯ: ಆಕ್ಲೆಂಡ್, ಎಯುಟಿ, ವೈಕಾಟೊ, ಮ್ಯಾಸಿ, ವೆಲ್ಲಿಂಗ್ಟನ್‌ನ ವಿಕ್ಟೋರಿಯಾ, ಕ್ಯಾಂಟರ್‌ಬರಿ, ಲಿಂಕನ್, ಒಟಾಗೊ. ಜನಸಂಖ್ಯೆ ಸುಮಾರು 50 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಇಷ್ಟು ಸಣ್ಣ ದೇಶ ತನ್ನ ಕಾಲ ಮೇಲೆ ತಾನೇ ನಿಂತು ಎಲ್ಲ ಸಂಶೋಧನೆ ಮಾಡಲು ಆಗುವುದಿಲ್ಲ. ಹೊರಗಿನ ದುಡ್ಡು ಬೇಕು, ಹೊರಗಿನ ಉಪಕರಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೊರಗಿನ ಜನ ಬೇಕು.

ಅದಕ್ಕೇ ಅಲ್ಲಿ ಪಿಎಚ್‌ಡಿ ಮಾಡುವ ಹೆಚ್ಚಿನ ವಿದೇಶಿ ವಿದ್ಯಾರ್ಥಿಗಳಿಗೂ ಸ್ಥಳೀಯರ ಫೀಸನ್ನೇ ಹಾಕುತ್ತಾರೆ. ಬ್ಯಾಚುಲರ್, ಮಾಸ್ಟರ್ಸ್‌ಗೆ ಹೋದವರು ಹಲವು ಪಟ್ಟು ಕಟ್ಟಬೇಕಾದ ಕಡೆ ಇದು ದೊಡ್ಡ ರಿಯಾಯಿತಿ. ವಿದೇಶಿ ವಿದ್ಯಾರ್ಥಿಗಳ ಲೆಕ್ಕದಲ್ಲಿ ಚೀನಾ ಮೊದಲು, ಭಾರತ ಎರಡನೆಯದು. 2023ರ ಜನಗಣತಿಯಲ್ಲಿ ಭಾರತೀಯ ಮೂಲದವರ ಸಂಖ್ಯೆ 2.92 ಲಕ್ಷ ದಾಟಿ, ಚೀನೀಯರನ್ನೂ ಹಿಂದಿಕ್ಕಿತು. ಆಕ್ಲೆಂಡ್‌ನಲ್ಲಿ ಕನ್ನಡ ಕೂಟವಿದೆ, ರಾಜ್ಯೋತ್ಸವ ನಡೆಯುತ್ತದೆ. 2023ರ ಜುಲೈನಲ್ಲಿ ಆ ದೇಶ ಯುರೋಪಿನ ಹೊರೈಝನ್ ಯುರೋಪ್ ಎಂಬ ಬೃಹತ್ ಸಂಶೋಧನಾ ಯೋಜನೆಗೂ ಸಹಿ ಹಾಕಿ ಸೇರಿತು. 2025ರ ಮಾರ್ಚ್‌ನಲ್ಲಿ ಪ್ರಧಾನಿ ಕ್ರಿಸ್ಟೋಫರ್ ಲಕ್ಸನ್ ದೆಹಲಿಗೆ ಬಂದಾಗ ಭಾರತದ ಜೊತೆ ರಕ್ಷಣಾ ಸಹಕಾರದ ತಿಳಿವಳಿಕೆ ಪತ್ರವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತೆಂದು ಎರಡೂ ದೇಶ ಘೋಷಿಸಿದವು.

ಅಂದರೆ ಬಾಗಿಲು ತೆರೆದೇ ಇರಬೇಕು, ಯಾರು ಬಂದು ಏನು ಹೊತ್ತುಕೊಂಡು ಹೋಗುತ್ತಿದ್ದಾರೆ ಅಂತಲೂ ಗೊತ್ತಿರಬೇಕು. ಇಡೀ ಜಗಳ ಇರುವುದು ಇಲ್ಲೇ.

ಮೊದಲು ಕೂಗಿದವರು

ಈ ವಿಷಯ ನ್ಯೂಜಿಲೆಂಡ್‌ನಲ್ಲಿ ಬಹಿರಂಗವಾಗಿ ಚರ್ಚೆಗೆ ಬರಲು ದೊಡ್ಡ ಕಾರಣ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಪ್ರೊಫೆಸರ್ ಆನ್-ಮರೀ ಬ್ರೇಡಿ. ಚೀನಾದ ಕಮ್ಯುನಿಸ್ಟ್ ಪಕ್ಷ ವಿದೇಶಗಳಲ್ಲಿ ಪ್ರಭಾವ ಬೆಳೆಸುವ ಬಗೆ ಕುರಿತು ಅವರು 2017ರಲ್ಲಿ ಪ್ರಬಂಧ ಪ್ರಕಟಿಸಿದರು. 2018ರಲ್ಲಿ ಅವರ ಮನೆಗೆ ನುಗ್ಗಿ ಲ್ಯಾಪ್‌ಟಾಪ್ ಕದ್ದರು. ಪೊಲೀಸ್ ತನಿಖೆ ನಡೆಯಿತು, ಯಾರು ಮಾಡಿದ್ದೆಂದು ಪತ್ತೆಯಾಗಲಿಲ್ಲ.

ಅದೇ 2018ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಎಎಸ್‌ಪಿಐ ಎಂಬ ಅಧ್ಯಯನ ಸಂಸ್ಥೆಯ ವರದಿ ಬಂತು. 2007ರಿಂದ ಚೀನಾದ ಸೇನೆ 2,500ಕ್ಕೂ ಹೆಚ್ಚು ವಿಜ್ಞಾನಿ, ಎಂಜಿನಿಯರ್‌ಗಳನ್ನು ಓದಲು, ಸಂಶೋಧನೆ ಮಾಡಲು ವಿದೇಶಗಳಿಗೆ ಕಳಿಸಿದೆ ಎಂದು ಅದು ಹೇಳಿತು. ಕೆಲವರು ತಾವು ಬಂದ ಸೇನಾ ಸಂಸ್ಥೆಯ ಹೆಸರು ಮರೆಮಾಚಿ ಬೇರೆ ಹೆಸರು ಹಾಕಿಕೊಂಡಿದ್ದರಂತೆ. ಅವರು ಹೋದ ದೇಶಗಳಲ್ಲಿ ನ್ಯೂಜಿಲೆಂಡೂ ಇತ್ತು.

2020ರ ಜುಲೈನಲ್ಲಿ ಬ್ರೇಡಿ ಇಬ್ಬರು ಸಹಲೇಖಕರ ಜೊತೆ ಇನ್ನೊಂದು ಪ್ರಬಂಧ ಬರೆದರು. ನ್ಯೂಜಿಲೆಂಡ್ ವಿಶ್ವವಿದ್ಯಾಲಯಗಳಿಗೂ ಚೀನಾದ ಸೇನೆಗೆ ನಂಟಿರುವ ಸಂಸ್ಥೆಗಳಿಗೂ ಇರುವ ಸಂಬಂಧಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಬೇರೆ ವಿಶ್ವವಿದ್ಯಾಲಯಗಳಿಂದ ದೂರು ಬಂತು. ಅವರ ಸ್ವಂತ ವಿಶ್ವವಿದ್ಯಾಲಯವೇ ಅವರ ಮೇಲೆ ವಿಚಾರಣೆ ಶುರುಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಚಾರಣೆ ಅವರ ಪರವಾಗಿಯೇ ಮುಗಿಯಿತು. ಕೆಲವು ವಾಕ್ಯಗಳನ್ನು ಇನ್ನಷ್ಟು ಸ್ಪಷ್ಟ ಮಾಡಿ ಎಂಬ ಸಲಹೆಯಷ್ಟೇ ಬಂತು.

ವಿಶ್ವವಿದ್ಯಾಲಯಗಳು "ಸಮಾಜದ ವಿಮರ್ಶಕ ಮತ್ತು ಆತ್ಮಸಾಕ್ಷಿ" ಆಗಿರಬೇಕು ಅಂತ ಕಾನೂನಿನಲ್ಲೇ ಬರೆದಿಟ್ಟ ದೇಶ ಅದು. ಅಲ್ಲೂ ಪಾಲುದಾರರ ಬಗ್ಗೆ ಪ್ರಶ್ನೆ ಕೇಳಿದವರೇ ಮೊದಲು ಕಟಕಟೆ ಹತ್ತಬೇಕಾಯಿತು. ಹಣ ತರುವ ಪಾಲುದಾರಿಕೆಯ ಮೇಲೆ ಒಳಗಿನವರೇ ಬೆರಳು ತೋರಿದರೆ ಯಾವ ಸಂಸ್ಥೆಗೂ ಕಸಿವಿಸಿ ಆಗುತ್ತದೆ.

ಕಾವಲು ಹೇಗೆ ಬಂತು

2020ರ ಅಕ್ಟೋಬರ್‌ನಲ್ಲಿ ಸರ್ಕಾರ ರಫ್ತು ನಿಯಂತ್ರಣದ ನಿಯಮ ಬಿಗಿ ಮಾಡಿತು. ಶಸ್ತ್ರಾಸ್ತ್ರ ಮತ್ತು ಎರಡೂ ಕಡೆ ಬಳಸಬಹುದಾದ ವಸ್ತುಗಳ ಪಟ್ಟಿ ಮೊದಲೂ ಇತ್ತು. ಈಗ ಪಟ್ಟಿಯಲ್ಲಿ ಇಲ್ಲದ ವಸ್ತುವೂ ವಿದೇಶದ ಸೇನೆ ಅಥವಾ ಪೊಲೀಸ್ ಕೆಲಸಕ್ಕೆ ಹೋಗುವುದಿದ್ದರೆ ಪರವಾನಗಿ ಬೇಕಾಗಬಹುದು. ಪೆಟ್ಟಿಗೆಯಲ್ಲಿ ಹೋಗುವ ಸರಕಿಗಷ್ಟೇ ಇದು ಸೀಮಿತವಲ್ಲ. ನಿಯಂತ್ರಿತ ತಂತ್ರಜ್ಞಾನದ ಡ್ರಾಯಿಂಗ್, ಸಾಫ್ಟ್‌ವೇರ್ ಇ-ಮೇಲ್‌ನಲ್ಲಿ ಹೋದರೂ ರಫ್ತೇ. ಲ್ಯಾಬ್‌ನಲ್ಲಿ ಕೂತ ವಿದ್ಯಾರ್ಥಿಗೆ ತಾನೂ ಒಬ್ಬ ರಫ್ತುದಾರ ಅನ್ನುವ ಅಂದಾಜೇ ಇರುವುದಿಲ್ಲ.

"ಕೊನೆಗೆ ಯಾರ ಕೈ ಸೇರುತ್ತದೆ" ಎಂಬ ಪ್ರಶ್ನೆ ಎಷ್ಟು ಮುಖ್ಯ ಅಂತ ತೋರಿಸಿದ್ದು ಗಲ್ಫ್‌ಗೇ ಸಂಬಂಧಿಸಿದ ಒಂದು ಪ್ರಕರಣ. 2021ರ ಫೆಬ್ರವರಿಯಲ್ಲಿ ಏರ್ ನ್ಯೂಜಿಲೆಂಡ್‌ನ ಗ್ಯಾಸ್ ಟರ್ಬೈನ್ ವಿಭಾಗ ಸೌದಿ ನೌಕಾಪಡೆಯ ಹಡಗುಗಳ ಎಂಜಿನ್ ರಿಪೇರಿ ಮಾಡಿಕೊಟ್ಟಿದ್ದು ಟಿವಿ ವರದಿಯಿಂದ ಹೊರಬಂತು. ಕೆಲಸ ಬಂದಿದ್ದು ಮಧ್ಯದ ಗುತ್ತಿಗೆದಾರರ ಮೂಲಕ. ಯೆಮನ್ ಯುದ್ಧದ ಹಿನ್ನೆಲೆಯಲ್ಲಿ ಸರ್ಕಾರಕ್ಕೆ ಮುಜುಗರವಾಯಿತು, ಕಂಪನಿ ಕ್ಷಮೆ ಕೇಳಿತು, ರಫ್ತು ಪರವಾನಗಿ ವ್ಯವಸ್ಥೆಯನ್ನೇ ಡೇವಿಡ್ ಸ್ಮೋಲ್ ಎಂಬ ಅಧಿಕಾರಿಯಿಂದ ಪರಿಶೀಲನೆ ಮಾಡಿಸಿದರು. ಗಲ್ಫ್‌ನಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಸಾ ಒಂದು ಕಂಪನಿಯದು, ಸಂಬಳ ಇನ್ನೊಂದರದು, ಸೈಟ್ ಮೂರನೆಯವರದು. ಕಾಗದದ ಮೇಲಿನ ಹೆಸರಿಗೂ ಕೆಲಸ ಮಾಡಿಸಿಕೊಳ್ಳುವವರಿಗೂ ಸಂಬಂಧವೇ ಇರುವುದಿಲ್ಲ. ಸಂಶೋಧನಾ ಪಾಲುದಾರಿಕೆಯಲ್ಲೂ ಹೀಗೆಯೇ ಆಗುತ್ತದೆ. ದುಡ್ಡು ಕೊಡುವ ಟ್ರಸ್ಟ್‌ನ ಹಿಂದೆ ಯಾವ ಕಂಪನಿ, ಕಂಪನಿಯ ಹಿಂದೆ ಯಾವ ಸೇನೆ ಅಂತ ಮೇಲ್ನೋಟಕ್ಕೆ ತಿಳಿಯದು.

2021ರ ಮಾರ್ಚ್‌ನಲ್ಲಿ "ಟ್ರಸ್ಟೆಡ್ ರಿಸರ್ಚ್" ಅನ್ನುವ ಮಾರ್ಗದರ್ಶಿ ಹೊರಬಂತು. ಸರ್ಕಾರದ ಭದ್ರತಾ ವಿಭಾಗ ಮತ್ತು ವಿಶ್ವವಿದ್ಯಾಲಯಗಳ ಒಕ್ಕೂಟ ಕೂತು ಮಾಡಿದ್ದು. ಅದರ ಸಾರ ಸರಳ. ಪಾಲುದಾರ ಯಾರು ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮ ಸಂಶೋಧನೆಯ ಎರಡನೇ ಉಪಯೋಗ ಏನಿರಬಹುದು ಯೋಚಿಸಿ. ಒಪ್ಪಂದದಲ್ಲಿ ಫಲಿತಾಂಶ ಯಾರಿಗೆ ಸೇರುತ್ತದೆ ಬರೆಯಿರಿ. ಬರುವ ಅತಿಥಿಗಳಿಗೆ ಯಾವ ರೂಮು, ಯಾವ ಸರ್ವರ್ ತೆರೆದಿದೆ ನೋಡಿಕೊಳ್ಳಿ. ಬೇರೆ ಕಡೆಯಿಂದ ಬರುವ ಹಣ, ಹುದ್ದೆ ಇದ್ದರೆ ಮುಚ್ಚಿಡಬೇಡಿ.

ಆಮೇಲಿನ ವರ್ಷಗಳಲ್ಲಿ ದನಿ ಜೋರಾಯಿತು. 2023ರ ಆಗಸ್ಟ್‌ನಲ್ಲಿ ಗುಪ್ತಚರ ಸಂಸ್ಥೆ ಎನ್‌ಝಡ್‌ಎಸ್‌ಐಎಸ್ ತನ್ನ ಬೆದರಿಕೆ ವರದಿಯಲ್ಲಿ ಚೀನಾ, ರಷ್ಯಾ, ಇರಾನ್ ಹೆಸರು ನೇರವಾಗಿ ಹೇಳಿತು. ಅಕ್ಟೋಬರ್‌ನಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಗುಪ್ತಚರ ಮುಖ್ಯಸ್ಥರು ಕ್ಯಾಲಿಫೋರ್ನಿಯಾದಲ್ಲಿ ಒಂದೇ ವೇದಿಕೆಗೆ ಬಂದು, ಹೊಸ ತಂತ್ರಜ್ಞಾನ ಕಂಪನಿಗಳಿಗೂ ಸಂಶೋಧಕರಿಗೂ ಕಳವಿನ ಬಗ್ಗೆ ಎಚ್ಚರಿಕೆ ಕೊಟ್ಟರು. 2024ರ ಮಾರ್ಚ್‌ನಲ್ಲಿ, 2021ರಲ್ಲಿ ತನ್ನ ಸಂಸತ್ತಿನ ಸಂಸ್ಥೆಗಳ ಕಂಪ್ಯೂಟರ್‌ಗೆ ನುಗ್ಗಿದ್ದು ಚೀನಾ ಸರ್ಕಾರಕ್ಕೆ ನಂಟಿರುವ ಗುಂಪು ಎಂದು ವೆಲ್ಲಿಂಗ್ಟನ್ ಬಹಿರಂಗವಾಗಿ ಹೇಳಿತು. ಚೀನಾ ಆರೋಪ ತಳ್ಳಿಹಾಕಿತು. 2024ರ ನವೆಂಬರ್‌ನಲ್ಲಿ ವಿದೇಶಿ ಹಸ್ತಕ್ಷೇಪವನ್ನು ಅಪರಾಧ ಮಾಡುವ ಮಸೂದೆ ಸಂಸತ್ತಿಗೆ ಬಂತು. 2025ರ ಜುಲೈನಲ್ಲಿ ಬಾಹ್ಯಾಕಾಶ ಕಾನೂನಿಗೆ ತಿದ್ದುಪಡಿಯಾಗಿ, ಉಪಗ್ರಹಗಳ ಜೊತೆ ಸಂಪರ್ಕಿಸುವ ನೆಲದ ಕೇಂದ್ರಗಳಿಗೂ ಅನುಮತಿ ಕಡ್ಡಾಯವಾಯಿತು. ಉದ್ದೇಶ ಮರೆಮಾಚಿ ಅಂಥ ಕೇಂದ್ರ ಕಟ್ಟಲು ಹೊರಗಿನವರು ಯತ್ನಿಸಿದ್ದರು ಎಂಬುದು ಸರ್ಕಾರ ಕೊಟ್ಟ ಕಾರಣ.

ಕಳ್ಳ ಬರುವುದು ಯಾವ ದಾರಿಯಲ್ಲಿ

ಸಿನಿಮಾದಲ್ಲಿ ತೋರಿಸುವ ಹಾಗೆ ರಾತ್ರಿ ಹೊತ್ತು ಗೋಡೆ ಹಾರಿ ಬರುವ ಗೂಢಚಾರ ಇಲ್ಲಿ ಅಪರೂಪ. ದಾರಿಗಳು ಬಹಳ ಸಾಮಾನ್ಯವಾದವು.

ಒಂದು, ಪಾಸ್‌ವರ್ಡ್. 2018ರ ಮಾರ್ಚ್‌ನಲ್ಲಿ ಅಮೆರಿಕ ಒಂಬತ್ತು ಮಂದಿ ಇರಾನಿಯರ ಮೇಲೆ ಹಾಕಿದ ಆರೋಪಪಟ್ಟಿ ಪ್ರಕಾರ, ಪ್ರೊಫೆಸರ್‌ಗಳಿಗೆ ನಕಲಿ ಮೇಲ್ ಕಳಿಸಿ ಲಾಗಿನ್ ಕದ್ದು ಅಮೆರಿಕದ 144 ಮತ್ತು ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳಿಗೆ ಕೈ ಹಾಕಿದ್ದರು. ಹೊರಹೋದ ಮಾಹಿತಿ 31 ಟೆರಾಬೈಟ್‌ಗೂ ಹೆಚ್ಚು. ನಕಲಿ ಮೇಲ್ ಬರುತ್ತಿದ್ದುದು ಇನ್ನೊಬ್ಬ ಪ್ರೊಫೆಸರ್ ಹೆಸರಲ್ಲಿ, ನಿಮ್ಮ ಲೇಖನ ಓದಿದೆ, ಚೆನ್ನಾಗಿದೆ ಅಂತ. ಹೊಗಳಿಕೆಗೆ ಮರುಳಾಗದವರು ಯಾರು? ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ 2018ರ ಕೊನೆಯಲ್ಲಿ ನಡೆದ ದಾಳಿ ಒಂದೇ ಒಂದು ಮೇಲ್‌ನಿಂದ ಶುರುವಾಗಿತ್ತು. ತೆರೆದು ನೋಡಿದ್ದಷ್ಟೇ, ಲಿಂಕ್ ಒತ್ತಿರಲಿಲ್ಲ. 19 ವರ್ಷದ ದಾಖಲೆಗಳಿದ್ದ ವ್ಯವಸ್ಥೆಗೆ ಅದರಿಂದ ದಾರಿಯಾಯಿತು.

ಎರಡು, ಕೆಲಸದ ಆಮಿಷ. ಐದು ವರ್ಷದಲ್ಲಿ ಕನಿಷ್ಠ 10,000 ಬ್ರಿಟಿಷರನ್ನು ಲಿಂಕ್ಡ್‌ಇನ್‌ನಂಥ ಜಾಲತಾಣಗಳಲ್ಲಿ ನಕಲಿ ಪ್ರೊಫೈಲ್‌ಗಳು ಸಂಪರ್ಕಿಸಿವೆ ಎಂದು ಅಲ್ಲಿನ ಎಂಐ5 ಸಂಸ್ಥೆ 2021ರಲ್ಲಿ ಎಚ್ಚರಿಸಿತು. "ಸಣ್ಣ ರಿಪೋರ್ಟ್ ಬರೆದುಕೊಡಿ, ಒಳ್ಳೆ ದುಡ್ಡು ಕೊಡುತ್ತೇವೆ" ಅಂತ ಶುರುವಾಗುತ್ತದೆ. ಎರಡನೇ ರಿಪೋರ್ಟ್‌ಗೆ ಸ್ವಲ್ಪ ಒಳಗಿನ ಮಾಹಿತಿ ಕೇಳುತ್ತಾರೆ. ಮೂರನೆಯದಕ್ಕೆ ಇನ್ನಷ್ಟು.

ಮೂರು, ಕಾನೂನುಬದ್ಧ ಒಪ್ಪಂದವೇ. ಯಾರೂ ಏನೂ ಕದಿಯುವುದಿಲ್ಲ. ಪ್ರಾಜೆಕ್ಟ್‌ಗೆ ದುಡ್ಡು ಕೊಟ್ಟವರು ಒಪ್ಪಂದದ ಪ್ರಕಾರವೇ ಫಲಿತಾಂಶ ತೆಗೆದುಕೊಂಡು ಹೋಗುತ್ತಾರೆ. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನ್ ಅಂತ ಬರೆದಿದ್ದ ಅದೇ ಗಣಿತ ಬೇರೆ ಡ್ರೋನ್‌ಗೂ ಹೊಂದುತ್ತದೆ. ಸಂಶೋಧಕನಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಕಾವಲುಗಾರನೇ ತಪ್ಪಿದರೆ?

ಇಷ್ಟು ಓದಿದರೆ ಬಿಗಿ ಮಾಡಿದ್ದೇ ಸರಿ ಅನ್ನಿಸುತ್ತದೆ. ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅದನ್ನು ಭಾರತೀಯರಿಗೆ, ಅದರಲ್ಲೂ ಕರಾವಳಿಯವರಿಗೆ ನೆನಪಿಸಲು ಒಂದು ಹೆಸರು ಸಾಕು: ನಂಬಿ ನಾರಾಯಣನ್.

1994ರ ನವೆಂಬರ್‌ನಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಬಂಧಿಸಿದರು. ರಾಕೆಟ್ ಎಂಜಿನ್ನಿನ ರಹಸ್ಯವನ್ನು ಮಾಲ್ಡೀವ್ಸ್ ಮಹಿಳೆಯರ ಮೂಲಕ ಪಾಕಿಸ್ತಾನಕ್ಕೆ ಮಾರಿದರು ಎಂಬ ಆರೋಪ. 1996ರಲ್ಲಿ ಸಿಬಿಐ ಇದರಲ್ಲಿ ಹುರುಳಿಲ್ಲ ಎಂದು ವರದಿ ಕೊಟ್ಟಿತು. ಬಂಧನ ಅನಗತ್ಯವಾಗಿತ್ತು, 50 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 14ರಂದು. ಹತ್ತಿರ ಹತ್ತಿರ 24 ವರ್ಷ. ಅವರ ಬದುಕು ಸಿನಿಮಾ ಆಯಿತು, ಹಾಗಾಗಿ ಎಲ್ಲರಿಗೂ ಗೊತ್ತು. ಅದೇ ಕೇಸಿನಲ್ಲಿ ಸಿಕ್ಕಿಬಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಬಗ್ಗೆ ಅಷ್ಟು ಮಾತಿಲ್ಲ. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿದ್ದರು. ಇಸ್ರೋ ಆಗ ಕ್ರಯೋಜೆನಿಕ್ ಎಂಜಿನ್‌ಗಾಗಿ ಒಪ್ಪಂದ ಮಾಡಿಕೊಂಡಿದ್ದು ಅದೇ ಸಂಸ್ಥೆಯ ಜೊತೆ. ಅಂದರೆ ಹೊರಗಿನ ಪಾಲುದಾರನ ಮನುಷ್ಯ. ಸುಪ್ರೀಂ ಕೋರ್ಟ್ ತೀರ್ಪು ಬಂದ ಎರಡೇ ದಿನಕ್ಕೆ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಅಮೆರಿಕವೂ ಇದೇ ತಪ್ಪು ಮಾಡಿತು. 2018ರ ನವೆಂಬರ್‌ನಲ್ಲಿ "ಚೀನಾ ಇನಿಶಿಯೇಟಿವ್" ಅಂತ ಶುರುಮಾಡಿ ಚೀನೀ ಮೂಲದ ಹಲವು ಪ್ರೊಫೆಸರ್‌ಗಳ ಬೆನ್ನು ಹತ್ತಿದರು. ಎಂಐಟಿಯ ಗ್ಯಾಂಗ್ ಚೆನ್ ಅವರನ್ನು 2021ರ ಜನವರಿಯಲ್ಲಿ ಬಂಧಿಸಿ, ಒಂದು ವರ್ಷದ ನಂತರ ಕೇಸನ್ನೇ ಕೈಬಿಟ್ಟರು. 2022ರ ಫೆಬ್ರವರಿಯಲ್ಲಿ ಆ ಕಾರ್ಯಕ್ರಮವನ್ನೇ ಮುಚ್ಚಿದರು. ಕೆಲವರು ನಿಜಕ್ಕೂ ತಪ್ಪು ಮಾಡಿದ್ದರು. ಆದರೆ ಫಾರ್ಮ್ ಸರಿಯಾಗಿ ತುಂಬದ ಅನೇಕರನ್ನು ಗೂಢಚಾರರ ಸಾಲಿಗೆ ಸೇರಿಸಿ ನೋಡಿದ್ದೂ ನಡೆಯಿತು.

ಎರಡೂ ಕಥೆಯ ಪಾಠ ಒಂದೇ. ಕಾವಲು ಅಂದರೆ ಅನುಮಾನ ಎಂದಾದಾಗ ಮೊದಲು ಸಿಕ್ಕಿಬೀಳುವವರು ಹೊರಗಿನವರು, ಪರಿಚಯ ಇಲ್ಲದವರು, ತಮ್ಮ ಪರವಾಗಿ ಮಾತನಾಡಲು ಯಾರೂ ಇಲ್ಲದವರು. ಪರದೇಶದಲ್ಲಿ ದುಡಿದವರಿಗೆ ಇದು ಚೆನ್ನಾಗಿ ಗೊತ್ತು.

ಪಟ್ಟಿ ಬೇಕೋ, ಬೇಡವೋ

ಇಲ್ಲಿ ದೇಶದೇಶಗಳ ದಾರಿ ಬೇರೆಯಾಗುತ್ತದೆ. ಕೆನಡಾ 2024ರ ಜನವರಿಯಲ್ಲಿ ನೇರವಾಗಿ ಪಟ್ಟಿಯನ್ನೇ ಪ್ರಕಟಿಸಿತು. ಚೀನಾ, ರಷ್ಯಾ, ಇರಾನ್‌ನ ನೂರಕ್ಕೂ ಹೆಚ್ಚು ಸಂಸ್ಥೆಗಳ ಹೆಸರು ಒಂದು ಕಡೆ, ಸೂಕ್ಷ್ಮ ತಂತ್ರಜ್ಞಾನಗಳ ಹೆಸರು ಇನ್ನೊಂದು ಕಡೆ. ಎರಡೂ ಕೂಡಿದರೆ ಸರ್ಕಾರದ ಸಂಶೋಧನಾ ಹಣ ಇಲ್ಲ. ಬ್ರಿಟನ್ 2007ರಿಂದ ಎಟಿಎಎಸ್ ಎಂಬ ಪ್ರಮಾಣಪತ್ರ ಕೇಳುತ್ತದೆ. ಕೆಲವು ಎಂಜಿನಿಯರಿಂಗ್, ಭೌತಶಾಸ್ತ್ರ, ರಸಾಯನಶಾಸ್ತ್ರ ವಿಷಯಗಳಿಗೆ ವೀಸಾಗೂ ಮೊದಲೇ ಇದು ಬೇಕು. ಅಮೆರಿಕ, ಜಪಾನ್, ನ್ಯೂಜಿಲೆಂಡ್ ಪ್ರಜೆಗಳಿಗೆಲ್ಲ ವಿನಾಯಿತಿ ಇದೆ, ಭಾರತೀಯರಿಗೆ ಇಲ್ಲ. ಯುರೋಪಿಯನ್ ಒಕ್ಕೂಟ 2024ರ ಮೇ ತಿಂಗಳಲ್ಲಿ ಸಂಶೋಧನಾ ಭದ್ರತೆ ಬಗ್ಗೆ ತನ್ನ ಸದಸ್ಯ ದೇಶಗಳಿಗೆ ಶಿಫಾರಸು ಹೊರಡಿಸಿತು.

ನ್ಯೂಜಿಲೆಂಡ್‌ನ ಟ್ರಸ್ಟೆಡ್ ರಿಸರ್ಚ್ ಮಾರ್ಗದರ್ಶಿಯಲ್ಲಿ ಯಾವ ದೇಶದ ಹೆಸರೂ ಇಲ್ಲ. ಯಾರೇ ಬರಲಿ, ಅದೇ ಪ್ರಶ್ನೆ. ರಿಫೈನರಿ ಗೇಟಿನಲ್ಲಿ ಮ್ಯಾನೇಜರ್ ಆಗಲಿ, ಹೆಲ್ಪರ್ ಆಗಲಿ, ಪಾಸ್ ತೋರಿಸಲೇಬೇಕು, ಮೊಬೈಲ್ ಹೊರಗಿಡಲೇಬೇಕು ಅನ್ನುವ ಹಾಗೆ. ತತ್ವವಾಗಿ ಇದು ನ್ಯಾಯ. ಚೀನಾ ಆ ದೇಶದ ಅತಿ ದೊಡ್ಡ ವ್ಯಾಪಾರ ಪಾಲುದಾರ ಆಗಿರುವುದೂ ಹೆಸರು ಹೇಳದಿರಲು ಒಂದು ಕಾರಣ ಇರಬಹುದು ಎಂದು ಟೀಕಿಸುವವರಿದ್ದಾರೆ.

ಆದರೆ ಹೆಸರಿಲ್ಲದ ನಿಯಮಕ್ಕೂ ಒಂದು ತೊಂದರೆ ಇದೆ. ಪಟ್ಟಿ ಇದ್ದರೆ ವಿದ್ಯಾರ್ಥಿಗೆ ಅರ್ಜಿ ಹಾಕುವ ಮೊದಲೇ ಗೊತ್ತಾಗುತ್ತದೆ. ಪಟ್ಟಿ ಇಲ್ಲದಿದ್ದರೆ ತೀರ್ಮಾನ ಆಯಾ ವಿಶ್ವವಿದ್ಯಾಲಯದ ಕಮಿಟಿಯ ಕೈಯಲ್ಲಿ. ಒಂದು ಕಡೆ ಓಕೆ, ಇನ್ನೊಂದು ಕಡೆ ಮೌನ. ಸೀಟು ಸಿಗಲಿಲ್ಲ ಅಂದರೆ ಅಂಕ ಸಾಲದೋ, ಪಾಸ್‌ಪೋರ್ಟ್ ಸಾಲದೋ ತಿಳಿಯುವುದೇ ಇಲ್ಲ. ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿದರೆ ನಷ್ಟ ಆಗುವುದು ವಿಶ್ವವಿದ್ಯಾಲಯಕ್ಕಲ್ಲ. ಫೀಸಿಗೆಂದು ಇಲ್ಲಿ ಓವರ್ ಟೈಮ್ ಮಾಡಿ ಕೂಡಿಟ್ಟವರಿಗೆ, ಊರಲ್ಲಿ ಜಾಗದ ಮೇಲೆ ಸಾಲ ತೆಗೆದವರಿಗೆ. ಆದ್ದರಿಂದ ದೇಶ ನೋಡದೆ ಎಲ್ಲರನ್ನೂ ಕೇಳುವುದು ಅರ್ಧ ನ್ಯಾಯ ಮಾತ್ರ. ಏನು ಕೇಳುತ್ತೇವೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತೇವೆ, ಇಲ್ಲ ಅಂದರೆ ಯಾಕೆ ಎಂದು ಬರೆದುಕೊಟ್ಟಾಗ ಇನ್ನರ್ಧ ಪೂರ್ತಿಯಾಗುತ್ತದೆ.

ಮನೆಯವರು ತಿಳಿದಿರಬೇಕಾದ್ದು

ಕೃಷಿ, ಆಹಾರ, ನರ್ಸಿಂಗ್, ವ್ಯವಹಾರ ನಿರ್ವಹಣೆ ಓದಲು ಹೋಗುವ ಬಹುಪಾಲು ಮಕ್ಕಳಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಎಂಜಿನಿಯರಿಂಗ್, ಕಂಪ್ಯೂಟರ್, ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನದಲ್ಲಿ ಸಂಶೋಧನೆಗೆ ಹೋಗುವವರು, ವಿಶೇಷವಾಗಿ ಪಿಎಚ್‌ಡಿಗೆ ಹೊರಟವರು, ಕೆಲವು ಸಂಗತಿ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಅರ್ಜಿಯಲ್ಲಿ ಹಿಂದಿನ ಕೆಲಸ, ಸ್ಕಾಲರ್‌ಶಿಪ್, ಸಂಸ್ಥೆಗಳ ವಿವರ ಪೂರ್ತಿ ಬರೆಯಬೇಕು. ಡಿಆರ್‌ಡಿಒ ಪ್ರಾಜೆಕ್ಟ್‌ನಲ್ಲಿ ಆರು ತಿಂಗಳು ಇದ್ದದ್ದು, ಗಲ್ಫ್‌ನಲ್ಲಿ ರಕ್ಷಣಾ ಗುತ್ತಿಗೆ ಕಂಪನಿಯಲ್ಲಿ ಕೆಲಸ ಮಾಡಿದ್ದು ತಪ್ಪೇನಲ್ಲ. ಮುಚ್ಚಿಟ್ಟು ನಂತರ ಗೊತ್ತಾದರೆ ಅದೇ ತಪ್ಪಾಗುತ್ತದೆ. "ಇದೆಲ್ಲ ಬರೆಯಬೇಡ, ತಲೆನೋವು" ಅಂತ ಏಜೆಂಟ್ ಹೇಳಿದರೆ ಕೇಳಬಾರದು. ಸಹಿ ಇರುವುದು ವಿದ್ಯಾರ್ಥಿಯದು, ಏಜೆಂಟ್‌ದಲ್ಲ. ಗಲ್ಫ್‌ನಲ್ಲಿ ಬೆಳೆದ ಮಕ್ಕಳಿಗೆ ಇಲ್ಲಿನ ಪೊಲೀಸ್ ಕ್ಲಿಯರೆನ್ಸ್ ಕೇಳುವ ಸಾಧ್ಯತೆ ಇದೆ. ಇಕಾಮಾ, ವೀಸಾ ಮುಗಿಯುವ ಮೊದಲೇ ಮಾಡಿಸಿಕೊಂಡರೆ ಓಡಾಟ ಉಳಿಯುತ್ತದೆ.

ಸ್ಕಾಲರ್‌ಶಿಪ್ ಕೊಡುವವರು ಯಾರು, ಷರತ್ತು ಏನು ಓದಿಕೊಳ್ಳಬೇಕು. ಓದು ಮುಗಿದ ಮೇಲೆ ಇಂಥ ಸಂಸ್ಥೆಗೇ ವರದಿ ಕೊಡಬೇಕು, ಫಲಿತಾಂಶ ನಮಗೇ ಸೇರಬೇಕು ಅಂತ ಇದ್ದರೆ ಸೂಪರ್‌ವೈಸರ್‌ಗೆ ತೋರಿಸಿಯೇ ಸಹಿ ಹಾಕಬೇಕು. ತಿಳಿಯದ ಭಾಷೆಯ ಕಾಂಟ್ರಾಕ್ಟ್‌ಗೆ ಸಹಿ ಹಾಕಿ ಪಾಡುಪಟ್ಟವರ ಕಥೆಗಳು ಗಲ್ಫ್‌ನ ಪ್ರತಿ ಕ್ಯಾಂಪ್‌ನಲ್ಲೂ ಇವೆ. ಇಂಗ್ಲಿಷ್‌ನಲ್ಲಿದ್ದರೂ ಸಂಶೋಧನಾ ಒಪ್ಪಂದ ಅಷ್ಟೇ ಅರ್ಥವಾಗದ ಕಾಗದ.

ಲ್ಯಾಬ್‌ನ ಫೈಲನ್ನು ಊರಿನ ಗೆಳೆಯನಿಗೆ, ಹಳೇ ಕಾಲೇಜಿನ ಮೇಷ್ಟ್ರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಮೊದಲು ಕೇಳಬೇಕು. ಒಳ್ಳೆ ಮನಸ್ಸಿನಿಂದ ಕಳಿಸಿದ್ದೂ ನಿಯಮದ ಕಣ್ಣಿಗೆ ರಫ್ತಾಗಬಹುದು. ಭಾರತದಲ್ಲೂ ಇಂಥ ಕಾನೂನು ಇಲ್ಲದೇನಿಲ್ಲ. ಸ್ಕೋಮೆಟ್ ಎಂಬ ಪಟ್ಟಿ ಇದೆ, 2005ರ ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯ್ದೆ ಇದೆ. ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡಿದವರಿಗೆ ಅದರ ಪರಿಚಯ ಇರುತ್ತದೆ.

ಇನ್ನೊಂದು ಮಾತು. ಯಾರಾದರೂ ಅಪರಿಚಿತರು ದುಡ್ಡು, ಟಿಕೆಟ್, ಕಾನ್ಫರೆನ್ಸ್ ಅಂತ ಆಸೆ ತೋರಿಸಿ ಮಾಹಿತಿ ಕೇಳಿದರೆ, ಹೆದರಿ ಸುಮ್ಮನಿರುವುದಕ್ಕಿಂತ ವಿಶ್ವವಿದ್ಯಾಲಯಕ್ಕೆ ಹೇಳುವುದು ಕ್ಷೇಮ. ಮೊದಲೇ ಹೇಳಿದವರ ಮಾತಿಗೆ ಬೆಲೆ ಇರುತ್ತದೆ. ಸಿಕ್ಕಿಬಿದ್ದ ಮೇಲೆ ಹೇಳಿದವರ ಮಾತು ಯಾರೂ ನಂಬುವುದಿಲ್ಲ.

ಮುಂದೇನು

ನ್ಯೂಜಿಲೆಂಡ್ ಈಗ ತನ್ನ ಸಂಶೋಧನಾ ಸಂಸ್ಥೆಗಳನ್ನೇ ಮರುಜೋಡಣೆ ಮಾಡಿದೆ. ಕಿವಿ ತಳಿ ಕೊಟ್ಟ ಸಂಸ್ಥೆಯೂ 2025ರ ಜುಲೈಯಿಂದ ಬಯೋಇಕಾನಮಿ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ದೊಡ್ಡ ಸಂಸ್ಥೆಯ ಭಾಗ. ಹೊಸ ತಂತ್ರಜ್ಞಾನಕ್ಕೆ ಹೆಚ್ಚು ಒತ್ತು ಕೊಡುತ್ತೇವೆ ಎಂದು ಸರ್ಕಾರ ಹೇಳುತ್ತಿದೆ. ಆ ಕಡೆ ಹೋದಷ್ಟೂ ಬೇರೆ ದೇಶಗಳ ಜೊತೆ ಕೈಜೋಡಿಸುವುದೂ ಹೆಚ್ಚುತ್ತದೆ, ಪ್ರಶ್ನೆಗಳೂ ಹೆಚ್ಚುತ್ತವೆ. ಭಾರತದ ಜೊತೆ ವ್ಯಾಪಾರ, ರಕ್ಷಣೆ, ಶಿಕ್ಷಣ ಮೂರರಲ್ಲೂ ಮಾತು ಮುಂದುವರಿದಿರುವ ಈ ಹೊತ್ತು, ವಿದ್ಯಾರ್ಥಿಗಳ ಪರಿಶೀಲನೆಗೆ ಸ್ಪಷ್ಟ ನಿಯಮ, ದಿನಗಳ ಮಿತಿ, ಮೇಲ್ಮನವಿಯ ದಾರಿ ಇರಲಿ ಎಂದು ಭಾರತ ಸರ್ಕಾರ ಕೇಳಲು ಒಳ್ಳೆಯ ಸಮಯ. ವೀಸಾ ಸಂಖ್ಯೆಯ ಬಗ್ಗೆ ಚೌಕಾಶಿ ಮಾಡುವಾಗ ಇದನ್ನೂ ಮೇಜಿನ ಮೇಲೆ ಇಟ್ಟರೆ ನಷ್ಟವೇನಿಲ್ಲ.

ಗೇಟ್ ಪಾಸ್ ಕೇಳುವುದನ್ನು ಯಾವ ಕೆಲಸಗಾರನೂ ಅವಮಾನ ಅಂದುಕೊಳ್ಳುವುದಿಲ್ಲ. ಒಳಗೆ ಗ್ಯಾಸ್ ಇದೆ, ಬೆಂಕಿ ಇದೆ, ಎಲ್ಲರ ಜೀವ ಇದೆ ಎಂದು ಗೊತ್ತು. ಪಾಸ್ ಇದ್ದೂ ಮುಖ ನೋಡಿ ಬದಿಗೆ ನಿಲ್ಲಿಸಿದಾಗ ಮಾತ್ರ ಹೊಟ್ಟೆಯೊಳಗೆ ಉರಿಯುತ್ತದೆ. ಪಾಸ್ ಕೇಳಿ ಒಳಗೆ ಬಿಡುವುದಕ್ಕೂ ಮುಖ ನೋಡಿ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ನ್ಯೂಜಿಲೆಂಡ್ ಇಲ್ಲಿಯವರೆಗೆ ಕಾಗದದ ಮೇಲೆ ಉಳಿಸಿಕೊಂಡಿದೆ. ಗೇಟಿನಲ್ಲೂ ಉಳಿಸಿಕೊಳ್ಳುತ್ತದೆಯೇ ಎಂಬುದು ಅಲ್ಲಿಗೆ ಅರ್ಜಿ ಹಾಕಿ ಕಾಯುತ್ತಿರುವ ಪ್ರತಿ ಮನೆಯ ಪ್ರಶ್ನೆ.